ಏರಿ ಮೇಲೆ ಕೂತು: ಮೊದಲ ಗಾಳ ಕಟ್ಟೋರ ಪ್ರಶ್ನೆಗಳು

ಹೋದ ಸಂಚಿಕೇಲಿ ಒಂದು ಸಾಲು ಬರ್ದಿದ್ದೆ, ಮೊದಲ ಸಲ ಗಾಳ ಹಾಕೋರಿಗೆ ಒಂದು ವಾಟೆ ಕಡ್ಡಿ, ಒಂದು ಬೆಂಡು, ಒಂದು ಸಣ್ಣ ಹುಕ್ಕು ಸಾಕು ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ, ಮೆಸೇಜು ಬರುತ್ತೆ ಅಂದ್ಕೊಂಡಿರ್ಲಿಲ್ಲ. ನೋಡಿದ್ರೆ ಹಾಸನ ಚಿಕ್ಕಮಗಳೂರು ಎರಡೂ ಕಡೆ ಜನ ಭಾನುವಾರ ಮನೇಲಿ ಇರೋದೇ ಇಲ್ವೇನೋ ಅನ್ಸುತ್ತೆ. ಎಲ್ಲದಕ್ಕೂ ಉತ್ತರ ಬರೆಯೋಕೆ ಜಾಗ ಇಲ್ಲ, ಒಂದೇ ತರದ ಪ್ರಶ್ನೆಗಳನ್ನ ಸೇರಿಸಿ ಕೆಲವಕ್ಕೆ ಬರ್ದಿದೀನಿ.

ಪ್ರಶ್ನೆ: ಆನ್‌ಲೈನಲ್ಲಿ ರಾಡು ರೀಲು ಕಾಂಬೋ ತರಿಸ್ದೆ. ಜೊತೆಗೆ ಒಂದು ಡಬ್ಬಿ ತುಂಬ ಸಾಮಾನು ಬಂತು, ಹುಕ್ಕು, ಸ್ವಿವೆಲ್ಲು, ಮಣಿ, ಸೀಸ, ರಬ್ಬರ್ ಮೀನು, ಇನ್ನೂ ಏನೇನೋ. ಮುಚ್ಚಳ ತೆಗ್ದು ನೋಡಿ ಗಾಬರಿ ಆಗಿ ಮುಚ್ಚಿಟ್ಟಿದೀನಿ. ಮೊದಲು ಏನು ಕಟ್ಲಿ? (ಹಾಸನದಿಂದ ಒಬ್ಬರು)

ಉತ್ತರ: ಮುಚ್ಚಿಟ್ಟಿದ್ದು ಒಳ್ಳೇದೇ ಆಯ್ತು. ಆ ಡಬ್ಬೀಲಿ ನಿಮಗೆ ಈಗ ಬೇಕಾಗಿರೋದು ಒಂದು ಬೆಂಡು, ನಾಕು ಸೀಳು ಸೀಸ (ದಾರಕ್ಕೆ ಕಚ್ಚಿಸೋ, ಮಧ್ಯೆ ಸೀಳಿರೋ ಸೀಸದ ಗುಂಡು), ಒಂದು ಚಿಕ್ಕ ಸ್ವಿವೆಲ್ಲು (ದಾರ ಹುರಿ ಆಗದ ಹಂಗೆ ತಿರುಗೋ ಎರಡು ಕಿವಿ ಕೊಂಡಿ), ಒಂದು ಮಣಿ, ಹತ್ತನೇ ನಂಬರ್ ಹುಕ್ಕು. ಮಿಕ್ಕಿದ್ದೆಲ್ಲ ಇನ್ನಾರು ತಿಂಗಳು ಅಲ್ಲೇ ಇರ್ಲಿ.

ಬೆಂಡಿನ ಗಾಳನೇ ಮೊದಲು ಕಟ್ಟಿ ಅಂತ ಯಾಕೆ ಹೇಳ್ತೀನಿ ಅಂದ್ರೆ ಅದರಲ್ಲಿ ನೀರೊಳಗೆ ಏನಾಗ್ತಿದೆ ಅಂತ ಕಣ್ಣಿಗೆ ಕಾಣುತ್ತೆ. ಬೇರೆ ಗಾಳದಲ್ಲಿ ಮೀನು ಬಂತೋ, ಮೂಸಿ ಹೋಯ್ತೋ, ಹುಳ ತಿಂದ್ಕೊಂಡು ಹೋಯ್ತೋ ಗೊತ್ತಾಗೋಕೆ ವರ್ಷಗಟ್ಲೆ ಕೈ ಪಳಗ್ಬೇಕು, ಬೆಂಡಲ್ಲಿ ಹಂಗಲ್ಲ, ಅದು ಕುಣಿಯೋದು ನೋಡ್ತಾ ನೋಡ್ತಾನೇ ಅರ್ಧ ಪಾಠ ಆಗೋಗುತ್ತೆ.

ಕಟ್ಟೋದು ಹಿಂಗೆ. ರೀಲಲ್ಲಿ 0.25 ಎಂಎಂ ನೈಲಾನ್ ದಾರ ಇರ್ಲಿ, ನಮ್ಮಲ್ಲಿ ಕೆಲವರು ತಂಗೂಸ್ ದಾರ ಅಂತಾರಲ್ಲ ಅದೇ. ನಾಕೈದು ಕೇಜಿ ತೂಕ ತಡೆಯುತ್ತೆ, ಕೆರೆ ಮೀನಿಗೆ ಧಾರಾಳ ಸಾಕು. ಮೊದಲು ಆ ದಾರದ ಮೇಲೆ ಒಂದು ತುಂಡು ಬೇರೆ ದಾರದಿಂದ ನಾಕೈದು ಸುತ್ತು ಸುತ್ತಿ ಸಣ್ಣ ಗಂಟು ಹಾಕಿ, ಇದು ತಡೆಗಂಟು, ಬಿಗಿಯಾಗಿರ್ಬೇಕು ಆದ್ರೆ ಉಗುರಲ್ಲಿ ತಳ್ಳಿದ್ರೆ ಮೇಲೆ ಕೆಳಗೆ ಸರೀಬೇಕು. ಆಮೇಲೆ ಮಣಿ ಪೋಣಿಸಿ, ಆಮೇಲೆ ಬೆಂಡು ಪೋಣಿಸಿ, ದಾರದ ತುದೀಗೆ ಸ್ವಿವೆಲ್ಲು ಕಟ್ಟಿ. ಸ್ವಿವೆಲ್ಲಿನ ಇನ್ನೊಂದು ಕಿವಿಗೆ ಒಂದಡಿಯಷ್ಟು ಇನ್ನೂ ತೆಳ್ಳಗಿರೋ ದಾರ, 0.20 ಆದ್ರೆ ಸಾಕು, ಅದರ ತುದೀಲಿ ಹುಕ್ಕು. ಸೀಸದಲ್ಲಿ ಮೂರನ್ನ ಸ್ವಿವೆಲ್ಲಿನ ಸ್ವಲ್ಪ ಮೇಲೆ ಒಟ್ಟಿಗೆ ಕಚ್ಚಿಸಿ, ಒಂದು ಚಿಕ್ಕದನ್ನ ಹುಕ್ಕಿಂದ ನಾಕು ಬೆರಳು ಮೇಲೆ. ಕಚ್ಚಿಸಿ ಅಂದ್ರೆ ಪಕ್ಕಡಲ್ಲಿ, ಹಲ್ಲಲ್ಲಿ ಅಲ್ಲ! ಸೀಸ ವಿಷ ಕಣ್ರಿ, ನಾವೆಲ್ಲ ಹುಡುಗ್ರಾಗಿದ್ದಾಗ ಹಲ್ಲಲ್ಲೇ ಕಚ್ಚಿ ಕಚ್ಚಿ ಅಮುಕಿದೋರೇ, ಹಂಗಂತ ನಿಮ್ಮ ಮಕ್ಳಿಗೆ ಅದನ್ನ ಕಲಿಸ್ಬೇಡಿ.

ತೆಳ್ಳಗಿನ ದಾರ ಕೆಳಗೆ ಯಾಕೆ ಅಂದ್ರೆ ಹುಕ್ಕು ಎಲ್ಲಾದ್ರೂ ಸಿಕ್ಕಾಕೊಂಡ್ರೆ ಆ ಒಂದಡಿ ಮಾತ್ರ ಹರೀಬೇಕು, ಬೆಂಡು ಸೀಸ ಎಲ್ಲ ವಾಪಸ್ ಬರ್ಬೇಕು.

ನೀರಿಗೆ ಹಾಕಿದ್ಮೇಲೆ ಬೆಂಡನ್ನ ನೋಡಿ. ಅಡ್ಡ ಬಿದ್ದಿದ್ರೆ ಸೀಸ ನೆಲ ಮುಟ್ಟಿದೆ ಅಂತ, ತಡೆಗಂಟನ್ನ ಕೆಳಗಿಳಿಸಿ. ಪೂರ್ತಿ ಮುಳುಗಿದ್ರೆ ಸೀಸ ಜಾಸ್ತಿ, ಒಂದು ತೆಗೀರಿ. ಅರ್ಧ ಬೆಂಡು ನೀರಿನ ಮೇಲೆ ಎದ್ದು ನಿಂತಿದ್ರೆ ಸೀಸ ಕಮ್ಮಿ. ಒಂದು ಸೆಂಟಿಮೀಟರ್ ತುದಿ ಮಾತ್ರ ಮೇಲೆ ಕಾಣ್ಬೇಕು, ಯಾಕಂದ್ರೆ ಮೀನು ಹುಳ ಎಳೆದಾಗ ಆ ಬೆಂಡನ್ನೂ ಅದೇ ಮುಳುಗಿಸ್ಬೇಕಲ್ವಾ, ಭಾರ ಅನ್ಸಿದ್ರೆ ಉಗಿದು ಹೋಗುತ್ತೆ. ನಂಗೆ "ಮೀನೇ ಇಲ್ಲ ಸಾರ್ ಆ ಕೆರೇಲಿ" ಅನ್ನೋರಲ್ಲಿ ಬಹಳ ಜನರ ಗಾಳ ನೋಡಿದೀನಿ, ಎಮ್ಮೆ ಕಟ್ಟೋ ಹಗ್ಗದಷ್ಟು ದಪ್ಪ ದಾರ, ಬದನೆಕಾಯಿ ಗಾತ್ರದ ಬೆಂಡು, ಮೇಲಿಂದ ಮೊಸಳೆ ಹಿಡಿಯೋ ಹುಕ್ಕು. ಮೀನು ಇದೆ ಸ್ವಾಮಿ, ಅದಕ್ಕೆ ಬಾಯಿ ಚಿಕ್ಕದು ಅಷ್ಟೇ.

ಪ್ರಶ್ನೆ: ಬೆಂಡು ಪಟಪಟ ಅಂತ ಆಡ್ತಾನೇ ಇರುತ್ತೆ, ಎಳೆದ್ರೆ ಏನೂ ಇರಲ್ಲ, ಹುಳನೂ ಇರಲ್ಲ. ಯಾವಾಗ ಎಳೀಬೇಕು? (ಚನ್ನರಾಯಪಟ್ಟಣ)

ಉತ್ತರ: ಪಟಪಟ ಅನ್ನೋದು ಪಕ್ಕೆ, ಜಿಲೇಬಿ ಅನ್ನೋ ಮೀನಿನ ಮರಿಗಳು ಹುಳದ ಬಾಲ ಚಿವುಟೋದು, ಅದಕ್ಕೆಲ್ಲ ಎಳೀಬೇಡಿ. ಬೆಂಡು ಒಂದು ಕಡೆಗೆ ನೇರ ಜಾರ್ಕೊಂಡು ಹೊರಟ್ರೆ, ಇಲ್ಲಾ ಸದ್ದಿಲ್ದೆ ಒಳಗೆ ಹೋದ್ರೆ ಆಗ ಎತ್ತಿ. ಇನ್ನೊಂದಿದೆ, ಅದನ್ನ ಹೊಸಬ್ರು ಯಾರೂ ಗಮನಿಸಲ್ಲ: ನಿಂತಿದ್ದ ಬೆಂಡು ಮೇಲೆದ್ದು ಮೆತ್ತಗೆ ಅಡ್ಡ ಮಲಗುತ್ತೆ. ಅದು ಗಾಳಿ ಅಲ್ಲ. ಮೀನು ತಳದಿಂದ ಹುಳ ಬಾಯಿಗೆ ಹಾಕ್ಕೊಂಡು ತಲೆ ಮೇಲೆತ್ತಿದೆ, ಸೀಸದ ಭಾರ ಅದರ ಬಾಯಿಗೆ ಬಿದ್ದು ಬೆಂಡು ಹಗುರ ಆಗಿದೆ. ಗೆಂಡೆ ಮೀನು ಹಿಂಗೇ ಮಾಡೋದು. ಅದೇ ಟೈಮು, ಎತ್ತಿ. ಎತ್ತೋದು ಅಂದ್ರೆ ಮಣಿಕಟ್ಟಲ್ಲಿ ಒಂದು ಸಲ ಅಷ್ಟೇ, ಮೀನು ಹಿಂದಿರೋ ತೆಂಗಿನ ಮರಕ್ಕೆ ಹೋಗಿ ನೇತಾಕೊಳ್ಳೋ ಹಂಗಲ್ಲ.

ಹುಳನ ಇಡೀ ಉದ್ದಕ್ಕೆ ಜೋತಾಡಿಸಿ ಬಿಡೋದೂ ಒಂದು ಕಾರಣ. ತುಂಡು ಮಾಡಿ ಹುಕ್ಕಿಗೆ ಏರಿಸಿ, ತುದಿ ಒಂದು ಚೂರು ಆಡ್ತಿದ್ರೆ ಸಾಕು.

ಪ್ರಶ್ನೆ: ಹುಕ್ಕಿನ ನಂಬರ್ ಅರ್ಥನೇ ಆಗ್ತಿಲ್ಲ. 12 ಕೇಳಿದ್ರೆ ಚಿಕ್ಕದು ಕೊಟ್ಟ, 2 ಕೇಳಿದ್ರೆ ದೊಡ್ಡದು ಕೊಟ್ಟ, 2/0 ಅಂದ್ರೆ ಇನ್ನೂ ದೊಡ್ಡದು. ಅಂಗಡಿಯೋನು ಆಟ ಆಡಿಸ್ತಿದಾನಾ? (ಅರಸೀಕೆರೆ)

ಉತ್ತರ: ಪಾಪ ಅವನದೇನೂ ತಪ್ಪಿಲ್ಲ. ಹುಕ್ಕಿನ ನಂಬರ್ ಉಲ್ಟಾ, ದೊಡ್ಡ ನಂಬರ್ ಅಂದ್ರೆ ಚಿಕ್ಕ ಹುಕ್ಕು. 16, 14, 12 ಹಿಂಗೆ ನಂಬರ್ ಇಳೀತಾ 1ರ ತನಕ ಹುಕ್ಕು ದೊಡ್ಡದಾಗ್ತಾ ಬರುತ್ತೆ, ಅಲ್ಲಿಗೆ ನಂಬರ್ ಮುಗೀತಲ್ಲ, ಅದಕ್ಕೆ ಅಲ್ಲಿಂದಾಚೆ ಸೊನ್ನೆ ಹಾಕಿ 1/0, 2/0, 3/0 ಅಂತ ಹತ್ತುಸ್ತಾ ಹೋಗ್ತಾರೆ, ಇದು ಮಾತ್ರ ನೇರ ಲೆಕ್ಕ. ಪಕ್ಕೆ ಗಿಕ್ಕೆಗೆ 12, ಜಿಲೇಬಿಗೆ 10 ಇಲ್ಲ 8, ರೋಹು ಗೆಂಡೆಗೆ 6 ಅಥ್ವಾ 4, ಕೊರವ ಮೀನನ್ನ ರಬ್ಬರ್ ಕಪ್ಪೇಲಿ ಹಿಡಿಯೋಕೆ ಹೊರಟ್ರೆ ಮಾತ್ರ ಸೊನ್ನೆ ನಂಬರ್ ಕಡೆ ಹೋಗಿ. ಕಂಪನಿಯಿಂದ ಕಂಪನಿಗೆ ಒಂಚೂರು ವ್ಯತ್ಯಾಸ ಇರುತ್ತೆ, ಅದಕ್ಕೆ ನಂಬರ್‌ಗಿಂತ ಮೀನಿನ ಬಾಯಿ ನೆನಪಿಟ್ಕೊಂಡು ತಗೊಳ್ಳಿ.

ಪ್ರಶ್ನೆ: ಎರಡು ಸಲ ದೊಡ್ಡ ಮೀನು ಕಚ್ಚಿ ದಾರ ಹೋಯ್ತು. ದಾರ ಡೂಪ್ಲಿಕೇಟ್ ಅಂತ ಕಾಣುತ್ತೆ, ಯಾವ ಬ್ರ್ಯಾಂಡ್ ತಗೊಳ್ಲಿ? (ಕಡೂರು)

ಉತ್ತರ: ಬ್ರ್ಯಾಂಡ್ ಆಮೇಲೆ. ಮೊದಲು ವಾಪಸ್ ಬಂದ ದಾರದ ತುದಿ ನೋಡಿದ್ರಾ? ತುದಿ ಹಂದಿ ಬಾಲದ ತರ ಸುರುಳಿ ಸುರುಳಿ ಆಗಿದ್ರೆ ದಾರ ಹರಿದಿಲ್ಲ, ನಿಮ್ಮ ಗಂಟು ಜಾರಿದೆ. ತುದಿ ತರಚಿ ಒರಟಾಗಿದ್ರೆ ಕಲ್ಲಿಗೆ ಉಜ್ಜಿದೆ. ನೇರ ಕಟ್ ಆಗಿದ್ರೆ ಡ್ರ್ಯಾಗ್ (ಮೀನು ಜಗ್ಗಿದಾಗ ರೀಲು ದಾರ ಬಿಡೋಕೆ ಇರೋ ಬಿರಿ) ಬಿಗಿ ಇತ್ತು ಅಂತ ಅನುಮಾನ ಪಡಿ. ಹೊಸಬ್ರದ್ದು ಹತ್ತಕ್ಕೆ ಎಂಟು ಹಂದಿ ಬಾಲನೇ, ಇದು ನನ್ನ ಕಣ್ಣಂದಾಜು, ಜಗಳ ತೆಗೀಬೇಡಿ.

ಗಂಟು ಒಂದೇ ಕಲೀರಿ, ಸರಿಯಾಗಿ ಕಲೀರಿ. ಹುಕ್ಕಿನ ಕಣ್ಣಲ್ಲಿ ದಾರ ತೂರಿಸಿ, ತುದೀನ ಮೇನ್ ದಾರಕ್ಕೆ ಆರು ಸುತ್ತು ಸುತ್ತಿ, ವಾಪಸ್ ಬಂದು ಕಣ್ಣಿನ ಪಕ್ಕದಲ್ಲೇ ಆಗಿರೋ ಚಿಕ್ಕ ಕುಣಿಕೆ ಒಳಗೆ ತುದಿ ತೂರಿಸಿ, ಹಂಗೆ ತೂರಿಸ್ದಾಗ ಇನ್ನೊಂದು ದೊಡ್ಡ ಕುಣಿಕೆ ಆಗಿರುತ್ತಲ್ಲ, ಅದರೊಳಗೂ ಒಂದ್ಸಲ ತೂರಿಸಿ, ಆಮೇಲೆ ಎಂಜಲು ಹಚ್ಚಿ ನಿಧಾನಕ್ಕೆ ಎಳೀರಿ. ಸುತ್ತುಗಳು ಸ್ಪ್ರಿಂಗ್ ತರ ಒಂದರ ಪಕ್ಕ ಒಂದು ಸಾಲಾಗಿ ಕೂರ್ಬೇಕು, ಒಂದರ ಮೇಲೊಂದು ಹತ್ತಿದ್ರೆ ಕತ್ತರಿಸಿ ಮತ್ತೆ ಕಟ್ಟಿ. ಎಂಜಲು ಯಾಕೆ ಅಂದ್ರೆ ಒಣ ನೈಲಾನನ್ನ ಜೋರಾಗಿ ಎಳೆದ್ರೆ ಉಜ್ಜಿ ಬಿಸಿ ಆಗಿ ಗಂಟಿನ ಜಾಗದಲ್ಲೇ ದಾರ ಬೆಂದು ಹೋಗುತ್ತೆ, ಕಣ್ಣಿಗೆ ಕಾಣಲ್ಲ, ಮೀನು ಬಂದಾಗ ಕಾಣುತ್ತೆ. ತುದೀನ ಗಂಟಿನ ಬುಡಕ್ಕೇ ಕತ್ತರಿಸ್ಬೇಡಿ, ಎರಡು ಎಂಎಂ ಬಿಡಿ. ರಾತ್ರಿ ಟೀವಿ ಮುಂದೆ ಕೂತು ಒಂದು ಮೊಳೆಗೋ ಕೀ ಬಂಚ್ ರಿಂಗಿಗೋ ಐವತ್ತು ಸಲ ಕಟ್ಟಿ ಬಿಚ್ಚಿ, ಏರಿ ಮೇಲೆ ಹೋಗಿ ಕಲಿಯೋದು ಬೇಡ.

ಹೆಣೆದ ದಾರ, ಅಂದ್ರೆ ಬ್ರೇಡ್ ಹಾಕಿದ್ರೆ ಈ ಗಂಟು ಜಾರುತ್ತೆ. ಅದಕ್ಕೆ ದಾರನ ಮಡಚಿ ಎರಡೆಳೆ ಮಾಡಿ ಕಣ್ಣಲ್ಲಿ ತೂರಿಸಿ, ಸಡಿಲವಾಗಿ ಒಂದು ಸಾದಾ ಗಂಟು ಹಾಕಿ, ಆ ಮಡಿಕೆ ಒಳಗಿಂದ ಇಡೀ ಹುಕ್ಕನ್ನೇ ತೂರಿಸಿ ಎಳೆದ್ಬಿಡಿ. ಪಾಲೋಮರ್ ಅಂತಾರೆ ಇದಕ್ಕೆ.

ಡ್ರ್ಯಾಗ್ ವಿಷ್ಯ: ದಾರ ನಾಕು ಕೇಜಿದಾದ್ರೆ ಒಂದು ಕೇಜಿ ಜಗ್ಗಿದ ತಕ್ಷಣ ರೀಲು ಕಿರ್ರ್ ಅಂತ ದಾರ ಬಿಡ್ಬೇಕು, ಸುಮಾರು ಕಾಲು ಭಾಗ. ಒಂದು ಲೀಟರ್ ನೀರಿನ ಬಾಟ್ಲು ಕಟ್ಟಿ ಎತ್ತಿ ನೋಡಿ, ಮನೇಲೇ ಸೆಟ್ ಮಾಡ್ಕೊಬಹುದು. ಮತ್ತೆ ಆ ದಾರ ಎಷ್ಟು ವರ್ಷದ್ದು? ನೈಲಾನು ಬಿಸಿಲಿಗೆ ಸಾಯುತ್ತೆ, ಕಾರಿನ ಹಿಂದಿನ ಗ್ಲಾಸ್ ಹತ್ರ ರಾಡು ಇಟ್ಟು ತಿರುಗೋರು ವರ್ಷಕ್ಕೊಂದ್ಸಲ ಬದಲಾಯಿಸಿ.

ಪ್ರಶ್ನೆ: ಯಗಚಿ ಕಡೆ ನೆಂಟರ ತೋಟ ಇದೆ, ಪಕ್ಕದಲ್ಲೇ ಕೆರೆ. ಬೆಂಡಲ್ಲಿ ಬೆರಳುದ್ದದ್ದೇ ಸಿಗ್ತಾ ಇದೆ. ಎರಡು ಕೇಜಿ ಮೇಲಿಂದು ಬೇಕಾದ್ರೆ ಗಾಳ ಬದಲಾಯಿಸ್ಬೇಕಾ? (ಬೇಲೂರು)

ಉತ್ತರ: ಈಗ ಬದಲಾಯಿಸಿ. ಆದ್ರೆ ಮೊದಲು ಆ ಕೆರೇಲಿ ಏನಿದೆ ಕೇಳಿ ತಿಳ್ಕೊಳ್ಳಿ, ಯಾಕಂದ್ರೆ ಕಾಟ್ಲಾ ನೀರಿನ ಮೇಲ್ಭಾಗದಲ್ಲಿ ಮೇಯುತ್ತೆ, ರೋಹು ನಡುವೆ, ಮೃಗಾಲು ಮತ್ತೆ ಸಾಮಾನ್ಯ ಗೆಂಡೆ ತಳದಲ್ಲಿ ಕೆಸರು ಕೆದಕ್ತಾ ಇರುತ್ತೆ. ಕಾಟ್ಲಾ ಬಾಯಿ ಮೇಲ್ಮುಖ ಇರೋದು ಅದಕ್ಕೇ. ನೀವು ತಳದಲ್ಲಿ ಮುದ್ದೆ ಇಟ್ಟು ಕಾಟ್ಲಾಗೆ ಕಾಯೋದು ಅಂದ್ರೆ ಮಹಡಿ ಮೇಲಿರೋನಿಗೆ ಹಟ್ಟೀಲಿ ಎಲೆ ಹಾಕ್ದಂಗೆ.

ತಳದ ಗಾಳಕ್ಕೆ ಬೆಂಡು ಬೇಡ. ದಾರ 0.30 ಎಂಎಂ. ಮಧ್ಯೆ ತೂತಿರೋ ಸೀಸ ಸಿಗುತ್ತೆ, ನೇರಳೆ ಹಣ್ಣಿನ ಆಕಾರದ್ದು, ನಿಂತ ನೀರಿಗೆ 20 ಗ್ರಾಂ ಸಾಕು, ಹರಿಯೋ ಹೊಳೆಗಾದ್ರೆ 40ರ ತನಕ. ಆ ಸೀಸನ ದಾರಕ್ಕೆ ಪೋಣಿಸಿ, ಆಮೇಲೆ ಮಣಿ, ಆಮೇಲೆ ಸ್ವಿವೆಲ್ಲು ಕಟ್ಟಿ, ಅಲ್ಲಿಂದ ಒಂದೂವರೆ ಅಡಿ ದಾರ, 6ನೇ ನಂಬರ್ ಹುಕ್ಕು. ಮಣಿ ಇರೋದು ಸೀಸ ಬಂದು ಗಂಟಿಗೆ ಗುದ್ದದೇ ಇರ್ಲಿ ಅಂತ. ಇದರ ಗುಟ್ಟು ಏನಪ್ಪಾ ಅಂದ್ರೆ ಸೀಸನ ಎಲ್ಲೂ ಕಟ್ಟಿಲ್ಲ, ಮೀನು ಮುದ್ದೆ ಬಾಯಿಗೆ ಹಾಕ್ಕೊಂಡು ಹೊರಟ್ರೆ ದಾರ ಸೀಸದ ಒಳಗಿಂದ ಜಾರ್ಕೊಂಡು ಹೋಗುತ್ತೆ, ಸೀಸ ನೆಲದಲ್ಲೇ ಇರುತ್ತೆ, ಮೀನಿಗೆ ಭಾರನೇ ಗೊತ್ತಾಗಲ್ಲ.

ಮುದ್ದೆ ಅಂದ್ರೆ ನಿಜವಾಗ್ಲೂ ರಾಗಿ ಮುದ್ದೆನೇ. ರಾತ್ರಿ ಉಳಿದ ಮುದ್ದೆಗೆ ಕಡ್ಲೆಕಾಯಿ ಹಿಂಡಿ ಪುಡಿ ಸೇರ್ಸಿ, ಒಂದು ಹಿಡಿ ಮೈದಾ ಹಾಕಿ, ಕೈಗೆ ಅಂಟದ ಹಂಗೆ ನಾದಿ. ನೀರಲ್ಲಿ ಬೇಗ ಕರಗುತ್ತೆ ಅಂದ್ರೆ ಹತ್ತೀನ ಎಳೆ ಎಳೆ ಬಿಡಿಸಿ ಜೊತೆಗೇ ನಾದ್ಕೊಳ್ಳಿ, ಹಳಬ್ರ ಐಡಿಯಾ ಅದು, ಅರ್ಧ ಗಂಟೆ ಅಲ್ಲಾಡಲ್ಲ. ನೆಲ್ಲಿಕಾಯಿ ಗಾತ್ರದ ಉಂಡೆ, ಹುಕ್ಕಿನ ಮೊನೆ ಒಂದು ಚೂರು ಹೊರಗಿಣುಕ್ತಿರ್ಲಿ. ಹಾಕೋ ಮುಂಚೆ ಅದೇ ಜಾಗಕ್ಕೆ ಮೂರ್ನಾಕು ಉಂಡೆ ಪುಕ್ಕಟೆ ಎಸೀರಿ. ಮೂರ್ನಾಕು ಅಷ್ಟೇ. ಒಂದು ಕುಕ್ಕೆ ಸುರಿದ್ರೆ ಹೊಟ್ಟೆ ತುಂಬಿದ ಮೀನು ನಿಮ್ಮ ಉಂಡೆ ಯಾಕೆ ಮುಟ್ಟುತ್ತೆ.

ಮತ್ತೆ ರಾಡನ್ನ ಏನಕ್ಕಾದ್ರೂ ಸಿಕ್ಕಿಸಿ ಇಡಿ, ಡ್ರ್ಯಾಗ್ ಸಡಿಲ ಬಿಟ್ಟು, ತುದೀಗೆ ಒಂದು ಗೆಜ್ಜೆ ಕಟ್ಟಿ. ಇದನ್ನ ಹೇಳೋ ಹಕ್ಕು ನಂಗಿದೆ. ಹೇಮಾವತಿ ಹಿನ್ನೀರಲ್ಲಿ ಒಂದ್ಸಲ ರಾಡನ್ನ ಎರಡು ಕಲ್ಲಿನ ಮಧ್ಯೆ ಒರಗಿಸಿ ಡ್ರ್ಯಾಗ್ ಬಿಗಿ ಮಾಡಿ ಬುತ್ತಿ ಬಿಚ್ಚೋಕೆ ಕೂತೆ, ಚಿತ್ರಾನ್ನದ ಮೊದಲ ತುತ್ತು ಬಾಯಿಗಿಡೋಷ್ಟರಲ್ಲಿ ರಾಡು ರೀಲು ಎಲ್ಲ ಹಾವಿನ ತರ ನೀರಿಗೆ ಸರಸರ ಹೋಯ್ತು, ನಾನು ಅನ್ನದ ಕೈಯಲ್ಲೇ ಓಡಿದ್ರೂ ಸಿಕ್ಕಿದ್ದು ಹಿಡಿಯ ತುದೀಲಿರೋ ರಬ್ಬರ್ ಟೋಪಿ ಮಾತ್ರ. ಈಗ್ಲೂ ಆ ಟೋಪಿ ಇದೆ ಮನೇಲಿ, ಹೆಂಡ್ತಿ ಉಪ್ಪಿನಕಾಯಿ ಎಣ್ಣೆ ಬಾಟ್ಲಿಗೆ ಹಾಕಿದಾಳೆ.

ಪ್ರಶ್ನೆ: ಗೊರೂರು ಹಿನ್ನೀರಲ್ಲಿ ಹಾಕಿದ್ದೆಲ್ಲ ಬೊಡ್ಡೆಗೆ ಸಿಕ್ಕಾಕೊಳ್ಳುತ್ತೆ. ಒಂದೇ ದಿನ ಏಳು ಗಾಳ ಹೋಯ್ತು. (ಆಲೂರು ಕಡೆಯಿಂದ)

ಉತ್ತರ: ಅಲ್ಲಿ ನೀರೊಳಗೆ ಊರೇ ಇದೆಯಲ್ಲ ಸ್ವಾಮಿ, ಹೊಲ, ಬೇಲಿ, ಮರದ ಬೊಡ್ಡೆ, ಗೋಡೆ ಎಲ್ಲ. ಶೆಟ್ಟಿಹಳ್ಳಿ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೇಲಿ ಬುಡ ಸಮೇತ ಕಾಣಿಸ್ಕೊಳ್ಳೋದು ನೋಡಿದೀರಲ್ಲ, ನಿಮ್ಮ ಗಾಳ ಬೀಳೋ ಜಾಗನೂ ಹಂಗೇ. ಡ್ಯಾಮು ತುಂಬಿದ್ರೆ ಸಮುದ್ರ ಮಟ್ಟದಿಂದ 2922 ಅಡಿ, ಏಪ್ರಿಲ್ ಮೇ ಹೊತ್ತಿಗೆ ನೀರು ಎಷ್ಟೋ ಹಿಂದಕ್ಕೆ ಹೋಗಿರುತ್ತೆ. ನಾನು ಮಾಡೋದು ಹೇಳ್ತೀನಿ: ಆ ಟೈಮಲ್ಲಿ ರಾಡು ಇಲ್ದೆ ಸುಮ್ನೆ ಮೊಬೈಲ್ ಹಿಡ್ಕೊಂಡು ಹೋಗಿ ಒಣಗಿದ ದಡದ ಫೋಟೋ ತೆಗ್ದಿಟ್ಕೊತೀನಿ, ಎಲ್ಲಿ ಹಳೇ ರಸ್ತೆ, ಎಲ್ಲಿ ಹಳ್ಳದ ತಿರುವು, ಎಲ್ಲಿ ಬೊಡ್ಡೆ ಸಾಲು ಅಂತ. ನೀರು ತುಂಬಿದ್ಮೇಲೆ ಮೀನು ಓಡಾಡೋದು ಆ ಹಳ್ಳ ರಸ್ತೆ ಅಂಚಲ್ಲೇ. ಬೊಡ್ಡೆ ಒಳಗೆ ಎಸೆಯೋ ಬದಲು ಅದರ ಎರಡು ಮಾರು ಈಚೆ ಎಸೀರಿ.

ಸೀಸ ಉಳಿಸೋಕೆ ಒಂದು ಉಪಾಯ, ಮೂರು ಕಿವಿ ಸ್ವಿವೆಲ್ಲು ತಗೊಂಡು ಸೀಸನ ಮೂರನೇ ಕಿವಿಗೆ ಹಳೇ ತೆಳ್ಳನೆ ದಾರದಲ್ಲಿ ಕಟ್ಟೋದು. ಸೀಸ ಸಿಕ್ಕಾಕೊಂಡ್ರೆ ಅದೊಂದು ಹರಿದು ಹೋಗಿ ಮೀನು ಉಳಿಯುತ್ತೆ. ಸೀಸ ಉಳಿಸೋಕೆ ಅಂತ ಹೇಳಿ ಸೀಸ ಕಳ್ಕೊಳ್ಳೋ ದಾರಿ ಹೇಳ್ದೆ, ಇರ್ಲಿ ಬಿಡಿ, ಮೀನು ಮುಖ್ಯ. ಸೀಸದ ಬದಲು ಹಳೇ ನಟ್ಟು ಬೋಲ್ಟು ಕಟ್ಟಿ, ಹೋದ್ರೂ ಚಿಂತೆ ಇಲ್ಲ, ನೀರಿಗೂ ವಿಷ ಇಲ್ಲ.

ಸಿಕ್ಕಾಕೊಂಡಾಗ ರಾಡನ್ನ ಬಗ್ಗಿಸಿ ಜಗ್ಗಬೇಡಿ, ಮುರಿಯುತ್ತೆ. ರಾಡನ್ನ ದಾರದ ನೇರಕ್ಕೆ ಹಿಡಿದು ಕೈಗೆ ಬಟ್ಟೆ ಸುತ್ತಿಕೊಂಡು ಮುಖ ಆ ಕಡೆ ತಿರುಗಿಸಿ ಎಳೀರಿ, ಸೀಸ ಸಡನ್ನಾಗಿ ಬಿಟ್ಟು ಬಂದ್ರೆ ಗುಂಡಿನ ತರ ಬರುತ್ತೆ. ಹರಿದ ದಾರನ ಅಲ್ಲೇ ಬಿಟ್ಟು ಬರ್ಬೇಡಿ, ನೀರುಕಾಗೆ, ಕೊಕ್ಕರೆ ಕಾಲಿಗೆ ಸುತ್ಕೊಂಡು ಸಾಯ್ತಾವೆ, ದನಗಳೂ ಅಲ್ಲೇ ಮೇಯೋಕೆ ಬರೋದು.

ಪ್ರಶ್ನೆ: ರಬ್ಬರ್ ಕಪ್ಪೇಲಿ ಕೊರವ ಮೀನು ಹಿಡಿಯೋ ವಿಡಿಯೋ ನೋಡಿ ಕಪ್ಪೆ ತಂದೆ. ಮೂರು ಸಲ ಹಾರಿ ಹಿಡೀತು, ಮೂರು ಸಲನೂ ತಪ್ಪೋಯ್ತು. (ಸಖರಾಯಪಟ್ಟಣ)

ಉತ್ತರ: ನೀರು ಚಿಮ್ಮಿದ ತಕ್ಷಣ ಎಳೆದ್ರಿ, ಅಲ್ವಾ? ಎಲ್ರೂ ಹಂಗೇ, ಎದೆ ಧಸಕ್ ಅನ್ನುತ್ತಲ್ಲ. ಕಪ್ಪೆಯ ಹುಕ್ಕು ಮೇಲ್ಮುಖವಾಗಿ ಮೈಗೆ ಅಂಟ್ಕೊಂಡಿರುತ್ತೆ, ಅದಕ್ಕೇ ಅಂತರಗಂಗೆ ಕಮಲದೆಲೆ ಮಧ್ಯೆ ಎಳೆದ್ರೂ ಸಿಕ್ಕಲ್ಲ. ಮೀನು ಬಾಯಿ ಮುಚ್ಚಿ ರಬ್ಬರ್ ಅಮುಕಿದಾಗ್ಲೇ ಹುಕ್ಕು ಹೊರಗೆ ಬರೋದು. ಚಿಮ್ಮಿದ್ಮೇಲೆ "ಒಂದು... ಎರಡು" ಅಂತ ಎಣಿಸಿ, ದಾರ ಭಾರ ಆದ ಮೇಲೆ ಜೋರಾಗಿ ಎತ್ತಿ. ಇಲ್ಲಿ ಮಾತ್ರ ಸಣ್ಣ ದಾರದ ಮಾತು ಬೇಡ, 30 ಇಲ್ಲ 40 ಪೌಂಡಿನ ಬ್ರೇಡೇ ಬೇಕು, ನೈಲಾನು ರಬ್ಬರ್ ತರ ಹಿಗ್ಗುತ್ತೆ, ಹುಕ್ಕು ನಾಟಲ್ಲ, ಅಷ್ಟರಲ್ಲಿ ಅದು ಬಳ್ಳಿ ಒಳಗೆ ಸೇರ್ಕೊಂಡಿರುತ್ತೆ. ಬೇರೆ ಸ್ವಿವೆಲ್ಲು ಸೀಸ ಏನೂ ಬೇಡ, ದಾರದ ತುದೀಗೆ ನೇರ ಕಪ್ಪೆ.

ಒಂದು ಮಾತು. ನೀರಿನ ಮೇಲೆ ಕೆಂಪಗೆ ಮರಿಗಳ ಗುಂಪು ಬುಳುಬುಳು ಅಂತ ಏಳ್ತಾ ಮುಳುಗ್ತಾ ಇದ್ರೆ ಅದರ ಕೆಳಗೆ ಅಪ್ಪ ಅಮ್ಮ ಕಾವಲಿರ್ತಾವೆ, ಅಲ್ಲಿ ಕಪ್ಪೆ ಎಸೆದ್ರೆ ಗ್ಯಾರಂಟಿ ಹೊಡೀತಾವೆ. ಅದಕ್ಕೇ ಎಸೀಬೇಡಿ. ಕಾವಲು ಹೋದ್ರೆ ಆ ಮರಿಗಳನ್ನ ಮಿಕ್ಕ ಮೀನು ಹತ್ತು ನಿಮಿಷಕ್ಕೆ ಮುಗಿಸ್ತಾವೆ.

ಪ್ರಶ್ನೆ: ಭದ್ರಾ ಹಿನ್ನೀರು, ಶೃಂಗೇರಿ ತುಂಗಾ ಹೊಳೆ, ಎಲ್ಲಿ ಹಾಕಬಹುದು? ಪರ್ಮಿಷನ್ ಬೇಕಾ? (ಕೊಪ್ಪ)

ಉತ್ತರ: ಶೃಂಗೇರಿ ದೇವಸ್ಥಾನದ ಹತ್ರ ಗಾಳ ತೆಗೆದ್ರೆ ಮೀನಿಗಿಂತ ಮುಂಚೆ ನೀವೇ ಸಿಕ್ಕಾಕೊತೀರಾ. ಅಲ್ಲಿ ಮೀನಿಗೆ ಮಂಡಕ್ಕಿ ಹಾಕಿ ಕೈ ಮುಗಿದು ಬನ್ನಿ. ಲಕ್ಕವಳ್ಳಿ ಹಿಂದಿನ ಭದ್ರಾ ಅಭಯಾರಣ್ಯ ಹುಲಿ ಮೀಸಲು, ಆ ಕಡೆ ಕುದುರೆಮುಖ ನ್ಯಾಷನಲ್ ಪಾರ್ಕು, ಈ ಎರಡರ ಗಡಿ ಒಳಗೆ ಮೀನು ಹಿಡಿಯೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅರಣ್ಯ ಇಲಾಖೆಯೋರು ರಾಡು ಜೊತೆ ಗಾಡಿನೂ ತಗೊಂಡು ಹೋಗ್ಬಹುದು. ಮಿಕ್ಕ ಕೆರೆಗಳಲ್ಲಿ ಬಹಳಷ್ಟನ್ನ ಮೀನುಗಾರಿಕೆ ಇಲಾಖೆನೋ ಪಂಚಾಯ್ತಿನೋ ಸಂಘಕ್ಕೋ ಯಾರಿಗೋ ಹರಾಜಿಗೆ ಕೊಟ್ಟಿರುತ್ತೆ. ಅವರು ದುಡ್ಡು ಕೊಟ್ಟು ಮರಿ ಬಿಟ್ಟಿರ್ತಾರೆ, ಕೇಳದೆ ಗಾಳ ಹಾಕಿದ್ರೆ ಅದು ಕಳ್ಳತನನೇ. ಕೇಳಿದ್ರೆ ಬಹಳ ಕಡೆ ಒಂದು ಬೀಡಿ ಕೊಟ್ಟಷ್ಟು ಸುಲಭವಾಗಿ ಹೂಂ ಅಂತಾರೆ, ಕೆಲವು ಕಡೆ ಇಂತಿಷ್ಟು ದುಡ್ಡು ಅಂತಾರೆ. ಹೊಳೆ, ಜಲಾಶಯಕ್ಕೆ ಇಲಾಖೆಯ ಲೈಸೆನ್ಸ್ ವಿಚಾರಿಸಿ, ತಾಲ್ಲೂಕು ಆಫೀಸಲ್ಲಿ ಕೇಳೋಕೆ ನಾಚಿಕೆ ಏನು.

ಹೇಮಾವತಿ ಸೇರೋದು ಕಾವೇರಿಗೆ, ಕಾವೇರಿ ಸೀಮೆ ದೊಡ್ಡ ಮಶೀರ್ ಮೀನು ಅಳಿವಿನ ಅಂಚಲ್ಲಿರೋದು, 2018ರಲ್ಲಿ ಅದನ್ನ ಅತೀ ಅಪಾಯದ ಪಟ್ಟಿಗೆ ಸೇರಿಸಿದಾರೆ. ದೊಡ್ಡ ದೊಡ್ಡ ಹೊಳೆಯೋ ಹುರುಪೆ, ದಪ್ಪ ತುಟಿ, ನಾಕು ಮೀಸೆ ಇರೋ ಮೀನು ಸಿಕ್ರೆ ಒದ್ದೆ ಕೈಯಲ್ಲಿ ಹಿಡಿದು ನೀರಲ್ಲೇ ಹುಕ್ಕು ಬಿಡಿಸಿ ಬಿಡಿ. ಹುಕ್ಕಿನ ಮುಳ್ಳನ್ನ ಮೊದಲೇ ಪಕ್ಕಡಲ್ಲಿ ಅಮುಕಿ ಇಟ್ಟಿದ್ರೆ ಎರಡು ಸೆಕೆಂಡಿನ ಕೆಲ್ಸ. ನಿಮ್ಮ ಬೆರಳಿಗೆ ಚುಚ್ಕೊಂಡಾಗ್ಲೂ ಅದರ ಬೆಲೆ ಗೊತ್ತಾಗುತ್ತೆ.

ಪ್ರಶ್ನೆ: ಚೇಳು ಮೀನು ಬಿಡಿಸೋಕೆ ಹೋಗಿ ಚುಚ್ಚಿಸ್ಕೊಂಡೆ, ರಾತ್ರಿಯೆಲ್ಲ ಉರಿ. (ಹೊಳೆನರಸೀಪುರ)

ಉತ್ತರ: ಅದರ ಕಿವಿರಿನ ಪಕ್ಕದ ಎರಡು ಮುಳ್ಳಲ್ಲಿ ವಿಷ ಇದೆ. ಇನ್ನೊಂದ್ಸಲ ಆದ್ರೆ ತಡೆಯೋಷ್ಟು ಬಿಸಿ ಇರೋ ನೀರಲ್ಲಿ, ಸುಡೋ ನೀರಲ್ಲಲ್ಲ, ಕೈ ಅದ್ದಿ ಅರ್ಧ ಗಂಟೆ ಕೂತ್ಕೊಳ್ಳಿ, ನೋವು ಇಳಿಯುತ್ತೆ. ಆಮೇಲೂ ಊತ ಜಾಸ್ತಿ ಆದ್ರೆ, ಮುಳ್ಳು ಒಳಗೇ ಮುರಿದಿದ್ರೆ, ಉಸಿರು ಕಟ್ಟಿದಂಗೆ ಆದ್ರೆ ಡಾಕ್ಟ್ರ ಹತ್ರ. ಟಿಟಿ ಇಂಜೆಕ್ಷನ್ನೂ ಕೇಳಿ. ಗಿರ್ಲು ಮೀನಿಗೂ ಹಿಂಗೇ ಮುಳ್ಳಿದೆ, ಬೆನ್ನ ಮೇಲೂ ಒಂದು. ಇಂಥವನ್ನ ಬಟ್ಟೇಲಿ ಹಿಡಿದು ಪಕ್ಕಡಲ್ಲಿ ಹುಕ್ಕು ತೆಗೀರಿ.

ಪ್ರಶ್ನೆ: ನಮ್ಮ ಯಜಮಾನ್ರು ಎರೆಹುಳ ಡಬ್ಬೀನ ಫ್ರಿಜ್ಜಲ್ಲಿ ಇಡ್ತಾರೆ. ನೀವಾದ್ರೂ ಹೇಳಿ. (ಚಿಕ್ಕಮಗಳೂರು)

ಉತ್ತರ: ಹೇಳ್ತೀನಿ. ಸ್ವಾಮಿ, ಹಳೇ ಮಣ್ಣಿನ ಕುಡಿಕೇಲಿ ಕಾಫಿ ತೋಟದ ತರಗು, ಒದ್ದೆ ಮಣ್ಣು ಹಾಕಿ ಗೋಣಿ ತಾಟು ಮುಚ್ಚಿ ನೆರಳಲ್ಲಿ ಇಟ್ರೆ ವಾರಗಟ್ಲೆ ಇರುತ್ತೆ. ಫ್ರಿಜ್ಜು ಅಕ್ಕನದು.

ಪ್ರಶ್ನೆ: ಬೆಳಿಗ್ಗೆ ಎಷ್ಟೊತ್ತಿಗೆ ಹೋಗ್ಬೇಕು? (ಸಕಲೇಶಪುರ)

ಉತ್ತರ: ಬೇರೆ ಊರಿನೋರಾಗಿದ್ರೆ ಸೂರ್ಯ ಹುಟ್ಟೋ ಮುಂಚೆ ಅಂತಿದ್ದೆ. ನಿಮಗೆ ಆನೆ ಎಲ್ಲಿದೆ ಅನ್ನೋ ಮೆಸೇಜ್ ನೋಡ್ಕೊಂಡು, ಬೆಳಕು ಹರಿದ ಮೇಲೆ. ಮಾರ್ಚ್ ಏಪ್ರಿಲಲ್ಲಿ ಹೂ ಮಳೆ ಜೊತೆ ಗುಡುಗು ಶುರುವಾದ್ರೆ ರಾಡು ಕೆಳಗಿಟ್ಟು ದೂರ ಹೋಗಿ, ಕಾರ್ಬನ್ ರಾಡಲ್ಲಿ ಕರೆಂಟು ಹರಿಯುತ್ತೆ, ತೋಟದ ಮೇಲೆ ಹಾದುಹೋಗೋ ಲೈನ್ ಕೆಳಗೆ ರಾಡು ಎತ್ತಿ ಬೀಸೋದೂ ಅಷ್ಟೇ ಅಪಾಯ. ಡ್ಯಾಮಿನ ಕೆಳಗಡೆ ಹೊಳೇಲಿ ಕೂತಿದ್ರೆ ನೀರು ಬಿಡೋ ಸೈರನ್ನಿಗೆ ಕಿವಿ ಇರ್ಲಿ.

ಕೊನೇದು ಪ್ರಶ್ನೆ ಅಲ್ಲ, ಅರಕಲಗೂಡಿನ ಹಿರಿಯರೊಬ್ಬರ ತಕರಾರು. "ನಾವು ಹರಿದ ಹವಾಯಿ ಚಪ್ಪಲಿ ದುಂಡಗೆ ಕತ್ತರಿಸಿ ಬೆಂಡು ಮಾಡ್ತಿದ್ವಿ, ಅದಕ್ಕೂ ಮುಂಚೆ ಜೋಳದ ದಂಟಿನ ಬೆಂಡು. ಕಡ್ಡಿ ಎಷ್ಟುದ್ದವೋ ದಾರ ಅಷ್ಟುದ್ದ. ಸ್ವಿವೆಲ್ಲು ಗಿವೆಲ್ಲು ಯಾರು ಕಂಡಿದ್ರು? ಚಗಳಿ (ಮರದ ಕೆಂಪಿರುವೆ) ಗೂಡು ಕೊಡವಿ ಅದರ ಮೊಟ್ಟೆನ ಹಿಟ್ಟಲ್ಲಿ ಕಲಸಿ ಹಾಕಿದ್ರೆ ರೋಹು ಹುಡುಕ್ಕೊಂಡು ಬರ್ತಿತ್ತು. ನೀವು ಹುಡುಗ್ರನ್ನ ಅಂಗಡಿಗೆ ಕಳಿಸ್ತಿದೀರಾ" ಅಂತ ಬರ್ದಿದಾರೆ.

ಒಪ್ಕೊಂಡೆ ಅಜ್ಜ. ಚಪ್ಪಲಿ ಬೆಂಡು ನಾನೂ ಮಾಡಿದೀನಿ, ಅಪ್ಪನ ಹೊಸ ಚಪ್ಪಲೀದು, ಅದಕ್ಕೆ ಬಿದ್ದ ಏಟೂ ನೆನಪಿದೆ. ಕಡ್ಡಿಯುದ್ದದ ದಾರದ ಲೆಕ್ಕನೂ ಸರಿ, ಯಾರಿಗೆ ರೀಲು ಕೊಳ್ಳೋಕೆ ಇಷ್ಟ ಇಲ್ವೋ ಅವರು ಹಂಗೇ ಕಟ್ಟಿ, ಮೇಲೆ ಹೇಳಿದ ಬೆಂಡಿನ ಗಾಳನೇ, ತಡೆಗಂಟು ಬೇಡ, ದಾರನ ಬೆಂಡಿನ ಸೀಳಲ್ಲಿ ಸಿಕ್ಕಿಸಿದ್ರೆ ಆಯ್ತು. ಆದ್ರೆ ಚಗಳಿ ಮೊಟ್ಟೆ ವಿಷ್ಯದಲ್ಲಿ ನನ್ನ ಮನೆ ಮಲೆನಾಡಿನ ಅಂಚು, ಚಗಳಿ ಗೂಡು ಸಿಕ್ಕಿದ್ರೆ ಅದು ಮೊದಲು ಒರಳಿಗೆ ಹೋಗುತ್ತೆ, ಬೆಳ್ಳುಳ್ಳಿ ಮೆಣಸಿನಕಾಯಿ ಜೊತೆ. ಚಟ್ನಿ ಮಾಡಿ ಉಳಿದ್ರೆ ಮೀನಿಗೆ ಕೊಡೋಣ, ಇಲ್ಲಿವರೆಗೂ ಉಳಿದಿಲ್ಲ.